ಕೈಚಾಚಿ ನಿಂತ ಗ್ರಾಹಕ: ಹರ್-2 ಕುರಿತ ಒಂದು ಪೂರಕ ಪಾಠ

ತರಗತಿ: 9. ಘಟಕ: ಜೀವಕೋಶ. ಅವಧಿ: 40 ನಿಮಿಷ.

ಕೋಶ ವಿಭಜನೆ ಮುಗಿದ ಮೇಲೆ ಈ ಪಾಠ ತೆಗೆದುಕೊಂಡೆ. ಪೀಠಿಕೆಗೆ ಒಂದೇ ಪ್ರಶ್ನೆ: "ತರಚಿದ ಮೊಣಕಾಲಿನ ಗಾಯ ತುಂಬಲು ಕೋಶಗಳು ವಿಭಜಿಸಬೇಕು. ಅವಕ್ಕೆ ಹಾಗೆಂದು ಹೇಳುವವರು ಯಾರು?" ಹೆಚ್ಚಿನವರು "ಮೆದುಳು" ಎಂದರು. ತಿದ್ದದೆ ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಟ್ಟು, ಸ್ಟ್ಯಾನ್ಲಿ ಕೋಹೆನ್ ಅವರ ಪ್ರಯೋಗ ಹೇಳಿದೆ. ಇಲಿಯ ಲಾಲಾಗ್ರಂಥಿಯ ಸಾರವನ್ನು ಎಳೆಯ ಇಲಿಮರಿಗಳಿಗೆ ಚುಚ್ಚಿದಾಗ ಅವು ಎಂದಿಗಿಂತ ಬೇಗ ಕಣ್ಣು ಬಿಟ್ಟವು. ಸಾರದಲ್ಲಿದ್ದದ್ದು ಒಂದು ಬೆಳವಣಿಗೆ ಅಂಶ. ಈ ಸಂಶೋಧನೆಗೆ ಕೋಹೆನ್ ಅವರು ರೀಟಾ ಲೆವಿ-ಮೊಂಟಾಲ್ಚಿನಿ ಅವರೊಂದಿಗೆ 1986ರ ನೊಬೆಲ್ ಪಡೆದರು. ಆಗ ಮಕ್ಕಳೇ "ಮೆದುಳು" ಅಳಿಸಲು ಹೇಳಿದರು.

ಈ ಅಂಶ ಕೋಶದೊಳಗೆ ಹೋಗುವುದಿಲ್ಲ. ಕೋಶಪೊರೆಯಲ್ಲಿ ನಾಟಿಕೊಂಡಿರುವ ಗ್ರಾಹಕ ಪ್ರೋಟೀನಿನ ಹೊರತುದಿಗೆ ಅಂಟಿಕೊಳ್ಳುತ್ತದೆ. ಎರಡು ಗ್ರಾಹಕಗಳು ಜೋಡಿಯಾಗುತ್ತವೆ; ಒಳತುದಿಯ ಕೈನೇಸ್ ಕಿಣ್ವಗಳು ಒಂದಕ್ಕೊಂದು ಫಾಸ್ಫೇಟ್ ಅಂಟಿಸುತ್ತವೆ; ಸಂದೇಶ ಕೈಯಿಂದ ಕೈಗೆ ದಾಟಿ ಕೋಶಕೇಂದ್ರ ಮುಟ್ಟುತ್ತದೆ.

ಇದಕ್ಕೆ ಕರೆಗಂಟೆಯ ಹೋಲಿಕೆ ಕೊಡುವ ರೂಢಿಯಿದೆ. ಹರ್-2ಕ್ಕೆ ಅದು ಹೊಂದುವುದಿಲ್ಲ. ಈ ಗ್ರಾಹಕಕ್ಕೆ ತನ್ನದೇ ಆದ ಬೆಳವಣಿಗೆ ಅಂಶ ಯಾವುದೂ ಕಂಡುಬಂದಿಲ್ಲ. ಅದು ಸದಾ ಜೋಡಿಗಾಗಿ ಕೈಚಾಚಿಯೇ ಇರುತ್ತದೆ. ಹಾಗಾಗಿ ಚಟುವಟಿಕೆ ಮಾಡಿಸಿದೆ. ಸೀಮೆಸುಣ್ಣದ ತುಂಡು ಸಿಕ್ಕವರು ಮಾತ್ರ ಕೈಚಾಚಬೇಕು; ಕೆಂಪು ಚೀಟಿಯವರು, ಅಂದರೆ ಹರ್-2, ಯಾವಾಗಲೂ ಚಾಚಿರಬೇಕು. ಕೈ ಕೂಡಿದರೆ ಚಪ್ಪಾಳೆ. ಮೊದಲು ಎರಡೇ ಕೆಂಪು ಚೀಟಿ ಕೊಟ್ಟು ದೂರದೂರ ನಿಲ್ಲಿಸಿದೆ. ಅಲ್ಲೊಂದು ಇಲ್ಲೊಂದು ಚಪ್ಪಾಳೆ. ಆಮೇಲೆ ಇಪ್ಪತ್ತು ಚೀಟಿ ಹಂಚಿ, ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿಬಿಟ್ಟೆ. ಆದರೂ ಚಪ್ಪಾಳೆ ನಿಲ್ಲಲಿಲ್ಲ. ಪಕ್ಕದ ತರಗತಿಯಿಂದ ದೂರು ಬಂತು, ಅದು ಬೇರೆ ಮಾತು.

ಹರ್-2 ಕೆಟ್ಟ ಪ್ರೋಟೀನ್ ಅಲ್ಲ, ಆರೋಗ್ಯವಂತರಲ್ಲೂ ಇರುತ್ತದೆ ಎಂಬುದನ್ನು ಇಲ್ಲೇ ಒತ್ತಿ ಹೇಳಬೇಕು. 17ನೇ ವರ್ಣತಂತುವಿನಲ್ಲಿರುವ ಅದರ ಜೀನ್ ಸಾಮಾನ್ಯ ಕೋಶದಲ್ಲಿ ಎರಡು ಪ್ರತಿ. ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಪ್ರತಿಗಳು ಹಲವು ಪಟ್ಟಾಗಿ ಪೊರೆಯ ತುಂಬ ಹರ್-2 ಕಿಕ್ಕಿರಿಯುತ್ತದೆ. ಅಂಥ ಗಡ್ಡೆಗಳು ಹೆಚ್ಚು ಉಗ್ರವೆಂದು ಡೆನ್ನಿಸ್ ಸ್ಲೇಮನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಹರ್-2ರ ಹೊರತುದಿಯನ್ನು ಹಿಡಿಯುವ ಪ್ರತಿಕಾಯ ಔಷಧ ಟ್ರಾಸ್ಟುಝುಮ್ಯಾಬ್‌ಗೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ನಾನು ಎಡವಿದ್ದು ಇಲ್ಲಿ. ಹಲಗೆಯ ಮೇಲೆ "ಹರ್-2 ಹೆಚ್ಚಳ → ಸ್ತನ ಕ್ಯಾನ್ಸರ್ → ಟ್ರಾಸ್ಟುಝುಮ್ಯಾಬ್" ಎಂದು ಬರೆದಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಮಿಸ್, ನಮ್ಮತ್ತೆಗೂ ಇದೇ ಕಾಯಿಲೆ. ಡಾಕ್ಟ್ರು ಆ ಔಷಧಿ ಬೇಡ ಅಂದ್ರಂತೆ. ದುಡ್ಡಿಲ್ಲ ಅಂತಾನಾ?" ಎಂದಳು. ತರಗತಿ ಸ್ತಬ್ಧವಾಯಿತು.

ಅವರ ಚಿಕಿತ್ಸೆಯ ಬಗ್ಗೆ ನಾನು ಹೇಳುವಂತಿರಲಿಲ್ಲ. ಬಾಣದ ಗುರುತುಗಳನ್ನು ಅಳಿಸುವುದು ನನ್ನ ಕೈಯಲ್ಲಿತ್ತು. ನೂರು ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು 15ರಿಂದ 20ರಲ್ಲಿ ಮಾತ್ರ ಹರ್-2 ಹೆಚ್ಚಿರುತ್ತದೆ ಎಂದೆ. ಗಡ್ಡೆಯ ತುಣುಕಿಗೆ ಬಣ್ಣ ಹಿಡಿಸಿ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. 3 ಬಂದರೆ ಹೆಚ್ಚಳ ಖಚಿತ, 2 ಬಂದರೆ ಜೀನ್ ಪ್ರತಿಗಳನ್ನು ಎಣಿಸಿ ನೋಡುತ್ತಾರೆ. ಹೆಚ್ಚಳವಿಲ್ಲದ ಗಡ್ಡೆಗೆ ಬೇರೆ ಚಿಕಿತ್ಸೆಗಳಿವೆ. "ಹಾಗಾದ್ರೆ ರಿಪೋರ್ಟಲ್ಲಿ ಆ ನಂಬರ್ ಇರುತ್ತಾ, ಮಿಸ್?" ಇರುತ್ತದೆ, ಮನೆಯವರು ಡಾಕ್ಟರನ್ನೇ ಕೇಳಿ ತಿಳಿದುಕೊಳ್ಳಬಹುದು ಎಂದೆ. ಅವಳು ಅಂಕಗಳ ಸಾಲನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು. ಮೌಲ್ಯಮಾಪನದ ಪ್ರಶ್ನೆಗಳಿಗೆ ಅಂದು ಸಮಯ ಉಳಿಯಲಿಲ್ಲ.