ತೇಲುವ ಆಸ್ಪತ್ರೆಗೆ ಯಂತ್ರ ಕೊಡಿಸುವ ಮುನ್ನ

ಬ್ರಹ್ಮಪುತ್ರದ ನಡುವೆ ಸಾಪೊರಿ ಎಂಬ ಮರಳು ದ್ವೀಪಗಳಿವೆ. ನೋಡಲು ನಮ್ಮ ಕರಾವಳಿಯ ಕುದ್ರುಗಳಂತೆ. ಆದರೆ ಪ್ರತಿ ನೆರೆಗೂ ಕೊರೆತಕ್ಕೆ ಸಿಕ್ಕಿ ಆಕಾರ ಬದಲಿಸುತ್ತವೆ. ಅಲ್ಲಿ ಆಸ್ಪತ್ರೆ ಕಟ್ಟಿದರೂ ಅದು ಉಳಿಯುತ್ತದೆಂಬ ನಂಬಿಕೆಯಿಲ್ಲ. ಹಾಗಾಗಿ ಸಿ-ನೆಸ್ ಎಂಬ ಸಂಸ್ಥೆ 2005ರಲ್ಲಿ 'ಅಖಾ' ಹೆಸರಿನ ದೋಣಿಯಿಂದ ಅಸ್ಸಾಮಿನಲ್ಲಿ ದೋಣಿ ಚಿಕಿತ್ಸಾಲಯ ಶುರುಮಾಡಿತು. ಅಖಾ ಎಂದರೆ ಭರವಸೆ. ಇದೇ ಕೆಲಸದ ದೊಡ್ಡ ರೂಪ ಬೇಕೆಂದರೆ ಆಫ್ರಿಕಾದ ಬಂದರುಗಳತ್ತ ನೋಡಬೇಕು. 1978ರಲ್ಲಿ ಹುಟ್ಟಿದ ಮರ್ಸಿ ಶಿಪ್ಸ್ ಸಂಸ್ಥೆಯ 'ಗ್ಲೋಬಲ್ ಮರ್ಸಿ' ಹಡಗು 174 ಮೀಟರ್ ಉದ್ದವಿದ್ದು, ಅದರಲ್ಲಿ 6 ಶಸ್ತ್ರಚಿಕಿತ್ಸಾ ಕೊಠಡಿಗಳಿವೆ.

ಇಂಥ ಆಸ್ಪತ್ರೆಗೆ ಒಂದು ಉಪಕರಣ ಕೊಡಿಸೋಣ ಎಂದು ನಿಮ್ಮ ಕ್ಲಬ್ಬಿಗೋ ಹಳೆ ವಿದ್ಯಾರ್ಥಿಗಳ ಬಳಗಕ್ಕೋ ಅನಿಸಿದರೆ, ಮುಂದುವರಿಯುವ ಕ್ರಮ ಹೀಗಿರಲಿ.

1. ಮೊದಲು ಕೇಳಿ

ಅಂಗಡಿಗೆ ಹೋಗುವ ಮೊದಲು ಆಸ್ಪತ್ರೆಯಿಂದ ಬೇಡಿಕೆಯ ಪಟ್ಟಿಯನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಉಪಕರಣ ದಾನದ ಮಾರ್ಗದರ್ಶಿ ಕೂಡ ಪಡೆಯುವವರ ಅಗತ್ಯಕ್ಕೇ ಮೊದಲ ಮಣೆ ಹಾಕುತ್ತದೆ. ಮೂರು ಪ್ರಶ್ನೆ ಸಾಕು: ಯಾರು ನಡೆಸುತ್ತಾರೆ? ಎಲ್ಲಿಡುತ್ತೀರಿ? ಹಿಂದಿನದು ಯಾಕೆ ಕೆಟ್ಟಿತು? ಮೂರನೆಯದರ ಉತ್ತರದಲ್ಲೇ ಅರ್ಧ ಮಾಹಿತಿ ಸಿಗುತ್ತದೆ.

2. ನೀರಿನ ಮೇಲೆ ನಡೆಯುತ್ತದೆಯೇ ನೋಡಿ

ಕೋವಿಡ್ ಕಾಲದಲ್ಲಿ ಮನೆಮಾತಾದ ಆಕ್ಸಿಜನ್ ಕಾನ್ಸಂಟ್ರೇಟರನ್ನೇ ತೆಗೆದುಕೊಳ್ಳಿ. ಅದು ಸುತ್ತಲಿನ ಗಾಳಿಯನ್ನು ಎಳೆದುಕೊಂಡು, ಅದರಲ್ಲಿ ಶೇ 78ರಷ್ಟಿರುವ ಸಾರಜನಕವನ್ನು ಜಿಯೋಲೈಟ್ ಹರಳುಗಳಲ್ಲಿ ಹಿಡಿದಿಟ್ಟು, ಆಮ್ಲಜನಕವನ್ನು ರೋಗಿಗೆ ಬಿಡುತ್ತದೆ. ಈ ಹರಳಿಗೆ ತೇವ ಆಗದು. ನದಿಯ ಮೇಲಿನ ಗಾಳಿಯಲ್ಲಿ ತೇವಕ್ಕೇನು ಬರ? ಯಂತ್ರ ಗುಂಯ್‌ಗುಡುತ್ತಲೇ ಇರುತ್ತದೆ, ಬರುವ ಆಮ್ಲಜನಕ ಮಾತ್ರ ದುರ್ಬಲವಾಗುತ್ತ ಹೋಗುತ್ತದೆ. ಸದ್ದು ಕೇಳಿದವರಿಗೆ ಎಲ್ಲ ಸರಿಯಿದೆ ಎಂದೇ ಭಾಸ. ಹಾಗಾಗಿ ಶುದ್ಧತೆ ಅಳೆಯುವ ಪುಟ್ಟ ಅನಲೈಸರನ್ನೂ ಜೊತೆಗೇ ಕೊಡಿಸಬೇಕು.

ವೋಲ್ಟೇಜ್, ಜನರೇಟರಿನ ಸಾಮರ್ಥ್ಯ, ಬಾಗಿಲಿನ ಅಗಲ, ಓಲಾಟದಲ್ಲಿ ಜಾರದಂತೆ ಬಿಗಿಯುವ ವ್ಯವಸ್ಥೆ ಇವನ್ನೂ ಪಟ್ಟಿಗೆ ಸೇರಿಸಿ. ಸಮುದ್ರದ ಹಡಗಾದರೆ ಉಪ್ಪುಗಾಳಿಯ ತುಕ್ಕಿನ ಕಾಟ ಬೇರೆ.

3. ಅಂಕುಶಕ್ಕೂ ಹಣವಿಡಿ

ಆನೆ ಕೊಟ್ಟು ಅಂಕುಶಕ್ಕೆ ಕೈ ಬಿಗಿಹಿಡಿದರೆ ಆನೆ ನಿಂತಲ್ಲೇ ನಿಲ್ಲುತ್ತದೆ. ಬಜೆಟ್ಟಿನಲ್ಲಿ ಇವು ಬೇರೆ ಬೇರೆ ಸಾಲುಗಳಾಗಿರಲಿ:

- ಯಂತ್ರದ ಬೆಲೆ, ತೆರಿಗೆ, ಸಾಗಣೆ, ವಿಮೆ
- ಸ್ಟೆಬಿಲೈಸರ್ ಅಥವಾ ಯುಪಿಎಸ್
- ಫಿಲ್ಟರ್, ಟ್ಯೂಬ್, ಬಿಡಿಭಾಗ
- ಕನಿಷ್ಠ ಇಬ್ಬರಿಗೆ ತರಬೇತಿ (ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಬೇಕಲ್ಲ)
- ವಾರಂಟಿ ಮುಗಿದ ಮೇಲಿನ ನಿರ್ವಹಣಾ ಒಪ್ಪಂದ

4. ಹಣದ ದಾರಿ ಸರಿಯಿರಲಿ

*ವ್ಯಕ್ತಿಗಳು:* ದೇಣಿಗೆಯ ಆದಾಯ ತೆರಿಗೆ ರಿಯಾಯಿತಿ ಸಿಗುವುದು ಹಣಕ್ಕೆ, ವಸ್ತುವಿಗಲ್ಲ. ನೀವೇ ಯಂತ್ರ ಕೊಂಡು ಒಪ್ಪಿಸಿದರೆ ಅದು ಲೆಕ್ಕಕ್ಕೆ ಬಾರದು. ₹2,000 ಮೀರಿದ ನಗದು ದೇಣಿಗೆಗೂ, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ರಿಯಾಯಿತಿಯಿಲ್ಲ.

*ಕಂಪನಿಗಳು:* ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಭಾರತದೊಳಗಿನ ಕೆಲಸಕ್ಕೇ ಹೋಗಬೇಕು. ಅಸ್ಸಾಮಿನ ದೋಣಿಗೆ ಸಲ್ಲುತ್ತದೆ, ಆಫ್ರಿಕಾದ ಹಡಗಿಗೆ ಸಲ್ಲದು. ಪಡೆಯುವ ಸಂಸ್ಥೆಗೆ ಸಿಎಸ್‌ಆರ್ ನೋಂದಣಿ ಸಂಖ್ಯೆ ಇದೆಯೇ ನೋಡಿ.

*ಹೊರನಾಡ ಕನ್ನಡಿಗರು:* ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸದು. ವಿದೇಶಿ ಪೌರತ್ವ ಪಡೆದವರ ಹಣ ಮಾತ್ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ವ್ಯಾಪ್ತಿಗೆ ಬರುತ್ತದೆ; ಅದನ್ನು ಸಂಸ್ಥೆಯ ಗೊತ್ತುಪಡಿಸಿದ ಎಫ್‌ಸಿಆರ್‌ಎ ಖಾತೆಗೇ ಹಾಕಬೇಕು.

*ವಿದೇಶಿ ಹಡಗಿಗೆ ನೇರವಾಗಿ:* ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಬ್ಯಾಂಕ್ ಮೂಲಕ ಕಳಿಸಬಹುದು. ಆದರೆ ಆ ಮೊತ್ತಕ್ಕೆ ತೆರಿಗೆ ರಿಯಾಯಿತಿ ಇಲ್ಲ.

5. ಕೊಳ್ಳುವಾಗ, ಒಪ್ಪಿಸುವಾಗ

ಮೂರು ಕಡೆ ದರಪಟ್ಟಿ ತರಿಸಿ, ಆಯ್ಕೆಯನ್ನು ವೈದ್ಯರಿಗೂ ತಂತ್ರಜ್ಞರಿಗೂ ಬಿಡಿ. ಬಿಲ್ ಸಂಸ್ಥೆಯ ಹೆಸರಿನಲ್ಲೇ ಇರಲಿ. ಪೂರ್ತಿ ಹಣ ಮುಂಗಡ ಕೊಡಬೇಡಿ. ಯಂತ್ರವನ್ನು ದೋಣಿಯಲ್ಲೇ ಕೂರಿಸಿ, ದೋಣಿಯ ಕರೆಂಟಿನಲ್ಲೇ ನಡೆಸಿ ತೋರಿಸಿದ ಮೇಲೆ ಕೊನೆಯ ಕಂತು ಪಾವತಿಯಾಗುವಂತೆ ಕರಾರು ಮಾಡಿಕೊಳ್ಳಿ.

ಹಸ್ತಾಂತರದ ದಿನ ಹಾರ, ಫಲಕ, ಫೋಟೊ ಇದ್ದೇ ಇರುತ್ತವೆ. ವರ್ಷದ ನಂತರ ಇನ್ನೊಂದು ಫೋಟೊ ತರಿಸಿಕೊಳ್ಳಿ. ಕಾನ್ಸಂಟ್ರೇಟರಿನ ಮೈಮೇಲೆ, ಅದು ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಸಣ್ಣ ಮೀಟರ್ ಇರುತ್ತದೆ, ಅದರದ್ದು. ಅಂಕಿ ಏರಿದ್ದರೆ ಮುಂದಿನ ಫಿಲ್ಟರಿಗೆ ಹಣ ಹೊಂದಿಸಿ. ಏರಿರದಿದ್ದರೆ ಫೋನ್ ಎತ್ತಿಕೊಂಡು, ಮತ್ತೆ ಮೊದಲ ಹೆಜ್ಜೆಯ ಮೂರನೇ ಪ್ರಶ್ನೆ ಕೇಳಿ.