ಮುಳುಗಿದ ದ್ವೀಪ, ತೇಲುವ ಭೂಖಂಡ

ಹುಲಕೋಟಿಯ ಎರೆಹೊಲಗಳ ನಡುವೆ ನಿಂತವರಿಗೆ ಸಮುದ್ರದ ನೆನಪಾಗಲು ಕಾರಣವೇ ಇಲ್ಲ. ಆದರೆ ಗದಗಿನ ದಕ್ಷಿಣಕ್ಕೆ ಹಬ್ಬಿರುವ ಕಪ್ಪತಗುಡ್ಡದ ಶಿಲಾಪಟ್ಟಿಯು ಚಿತ್ರದುರ್ಗದ ಪಟ್ಟಿಯ ಉತ್ತರದ ಮುಂದುವರಿಕೆಯೇ ಆಗಿದೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತಹ ಲಾವಾಶಿಲೆಗಳಿವೆ. ಲಾವಾರಸವು ಈ ಆಕಾರವನ್ನು ತಾಳುವುದು ನೀರಿನೊಳಗೆ ಹರಿದು ತಟ್ಟನೆ ತಣಿದಾಗ. ಅಂದರೆ ಸುಮಾರು 250 ಕೋಟಿ ವರ್ಷಗಳ ಹಿಂದೆ ಅಲ್ಲಿ ನೀರಿತ್ತು. ನೀರಿದ್ದೆಡೆ ನೆಲವಾಗಬಹುದಾದರೆ, ನೆಲವಿದ್ದೆಡೆ ಒಮ್ಮೆಲೇ ನೀರಾಗಬಾರದೇಕೆ? ವಿದ್ಯಾರ್ಥಿಗಳು ಕೇಳಬಹುದಾದ ನ್ಯಾಯವಾದ ಪ್ರಶ್ನೆಯಿದು.

ಕ್ರಿ.ಪೂ. 4ನೆಯ ಶತಮಾನದಲ್ಲಿ ಗ್ರೀಕ್ ತತ್ತ್ವಜ್ಞಾನಿ ಪ್ಲೇಟೊ ಹೇಳಿದ ಕಥೆಯೂ ಇಂತಹುದೇ. ಇಂದಿನ ಜಿಬ್ರಾಲ್ಟರಿನ ಆಚೆ ಅಟ್ಲಾಂಟಿಸ್ ಎಂಬ ಮಹಾದ್ವೀಪವಿದ್ದಿತಂತೆ. ಸೊಲೋನನಿಗೆ 9000 ವರ್ಷ ಹಿಂದಿನ ಕಾಲದ ಆ ರಾಜ್ಯವು ಒಂದೇ ಹಗಲಿರುಳಿನಲ್ಲಿ ಕಡಲಪಾಲಾಯಿತಂತೆ. ನೀತಿಬೋಧೆಗಾಗಿ ಪ್ಲೇಟೊ ತಾನೇ ಹೆಣೆದ ಕಥೆಯಿದೆಂಬುದು ಬಹುಮಂದಿ ವಿದ್ವಾಂಸರ ಮತ. ಆದರೂ ನಾವು ಅದನ್ನು ಭೌತಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡೋಣ.

ನೀರಿನ ಬೋಗುಣಿಯಲ್ಲಿ ಮರದ ತುಂಡೊಂದನ್ನು ತೇಲಬಿಡಿರಿ. ಅದುಮಿದರೆ ಮುಳುಗುತ್ತದೆ, ಕೈತೆಗೆದೊಡನೆ ಮೇಲೇಳುತ್ತದೆ. ಭೂಖಂಡಗಳ ಸ್ಥಿತಿಯೂ ಹೀಗೆಯೇ. ಭೂಖಂಡದ ಶಿಲೆಯ ಸಾಂದ್ರತೆ ನೀರಿನದಕ್ಕಿಂತ ಸುಮಾರು 2.8 ಪಟ್ಟು, ಅದರ ಕೆಳಗಿನ ಮ್ಯಾಂಟಲ್ ಪದರದ್ದು 3.3 ಪಟ್ಟು. ಮ್ಯಾಂಟಲ್ ಘನವಸ್ತುವೇ ಸರಿ. ಆದರೆ ಸಾವಿರಾರು ವರ್ಷಗಳ ಅವಧಿಯಲ್ಲಿ ಅದು ಅರಗಿನಂತೆ ಮೆಲ್ಲನೆ ಹರಿಯುತ್ತದೆ. ಆದುದರಿಂದ 40 ಕಿಲೋಮೀಟರ್ ದಪ್ಪದ ಭೂಖಂಡವು ಸುಮಾರು 34 ಕಿಲೋಮೀಟರ್‌ನಷ್ಟು ಅದರಲ್ಲಿ ಹುದುಗಿ ತೇಲುತ್ತಿರುತ್ತದೆ. ಒಂದು ರಾತ್ರಿಯಲ್ಲಿ ಅದನ್ನು ಅದುಮಿ ಹಿಡಿಯುವ ಕೈ ಯಾವುದು?

ವಿಜ್ಞಾನಿಗಳೂ ಈ ಭ್ರಮೆಗೆ ಹೊರತಾಗಿರಲಿಲ್ಲ. ಮಡಗಾಸ್ಕರಿನ ಲೀಮರ್‌ಗಳಿಗೂ ನಮ್ಮ ಕಾಡುಪಾಪಕ್ಕೂ ಇರುವ ನಂಟನ್ನು ವಿವರಿಸಲು, 1864ರಲ್ಲಿ ಪ್ರಾಣಿಶಾಸ್ತ್ರಜ್ಞ ಸ್ಕ್ಲೇಟರ್ ಹಿಂದೂ ಮಹಾಸಾಗರದಲ್ಲಿ ಮುಳುಗಿಹೋದ 'ಲೆಮೂರಿಯ' ಖಂಡವನ್ನು ಕಲ್ಪಿಸಿದನು. ಆ ಪ್ರಾಣಿಗಳ ನಂಟಿನ ಪ್ರಶ್ನೆ ಬೇರೆ. ನೆಲವಂತೂ ಮುಳುಗಿರಲಿಲ್ಲ, ಸರಿದುಹೋಗಿತ್ತು. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳ ಕಂಬಗಲ್ಲುಗಳು ಸುಮಾರು 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾದಿಂದಾದವು.

ಹಾಗಾದರೆ ಮುಳುಗಿದ ನೆಲವೇ ಇಲ್ಲವೆ? ಇದೆ. ಮಾರಿಷಸ್ ದ್ವೀಪದ ಲಾವಾಶಿಲೆಗಳ ವಯಸ್ಸು 1 ಕೋಟಿ ವರ್ಷವನ್ನೂ ಮುಟ್ಟದು. ಆದರೆ ಅವುಗಳಲ್ಲಿ 300 ಕೋಟಿ ವರ್ಷ ಹಳೆಯ ಜಿರ್ಕಾನ್ ಹರಳುಗಳಿರುವುದು 2017ರಲ್ಲಿ ಪ್ರಕಟವಾಯಿತು. ಖಂಡಗಳು ಒಡೆಯುವಾಗ ಹಿಗ್ಗಿ ತೆಳುವಾದ ಚೂರೊಂದು ಕೆಳಗೆ ಹುದುಗಿದೆಯೆಂದು ಶೋಧಕರು ತೀರ್ಮಾನಿಸಿದರು. ಮರದ ತುಂಡನ್ನು ತೆಳುವಾಗಿ ಸೀಳಿದರೆ ಅದರ ಬೆನ್ನು ನೀರಿನಮಟ್ಟಕ್ಕೆ ತಗ್ಗುವುದಷ್ಟೆ. ಆ ಹಿಗ್ಗುವಿಕೆಗೆ ಲಕ್ಷಾಂತರ ವರ್ಷಗಳೇ ಬೇಕಾದವು. ಆಗ ಭೂಮಿಯ ಮೇಲೆ ಡೈನೊಸಾರ್‌ಗಳಿದ್ದವು, ಮನುಷ್ಯನಿರಲಿಲ್ಲ.