ಸಂಜೆಮಲ್ಲಿಗೆಯ ಕೆಂಪು ಗೆರೆ

ಮಕ್ಕಳೇ, ನಿಮ್ಮ ಮನೆಯಂಗಳದಲ್ಲಿ ಸಂಜೆಮಲ್ಲಿಗೆ ಇದೆಯೇ? ಮಲೆಯಾಳ ಮಾತನಾಡುವ ನಿಮ್ಮ ಗೆಳೆಯರು ಇದನ್ನು ನಾಲುಮಣಿಪ್ಪೂವು ಎನ್ನುತ್ತಾರೆ. ನೀವು ಶಾಲೆಯಿಂದ ಮರಳುವ ಹೊತ್ತಿಗೆ ಇದು ಅರಳತೊಡಗುತ್ತದೆ. ಕೆಲವು ಗಿಡಗಳ ಹಳದಿ ಹೂಗಳಲ್ಲಿ ಕೆಂಪು ಗೆರೆಗಳಿರುತ್ತವೆ. ಇವನ್ನು ಎಳೆದವರು ಯಾರು?

ಪ್ರತಿಯೊಂದು ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ಉದ್ದವಾದ ಎಳೆ ಇದೆ. ಹೂವಿಗೆ ಕೆಂಪು ಬಣ್ಣ ಬರುವುದು ಹೇಗೆ ಎಂಬ ಸೂಚನೆಯೂ ಅದರಲ್ಲಿದೆ. ಇಂತಹ ಒಂದೊಂದು ಸೂಚನೆಯೇ ಒಂದೊಂದು ಜೀನು. ಗೆರೆಯ ಸಂಜೆಮಲ್ಲಿಗೆಯಲ್ಲಿ ಕೆಂಪಿನ ಜೀನಿನ ನಡುವೆ ಡಿ.ಎನ್.ಎ.ಯ ಬೇರೊಂದು ತುಣುಕು ಬಂದು ಕುಳಿತಿದೆ. ಸೂಚನೆ ಕೆಟ್ಟುದರಿಂದ ಹೂ ಹಳದಿಯಾಯಿತು. ಮೊಗ್ಗು ಬೆಳೆಯುವಾಗ ಯಾವುದೋ ಒಂದು ಕೋಶದಲ್ಲಿ ಆ ತುಣುಕು ಎದ್ದು ಹೋಗುತ್ತದೆ. ಆ ಕೋಶವೂ ಅದರಿಂದ ಹುಟ್ಟಿದ ಕೋಶಗಳೂ ಕೆಂಪಾಗುತ್ತವೆ. ಅದೇ ಗೆರೆ! ತುಣುಕು ಬೇಗನೆ ಎದ್ದರೆ ಅಗಲವಾದ ಪಟ್ಟೆ, ತಡವಾದರೆ ಸಣ್ಣ ಗೀರು.

ಡಿ.ಎನ್.ಎ. ತುಣುಕುಗಳು ಹೀಗೆ ಜಾಗ ಬದಲಿಸುತ್ತವೆ ಎಂದು ಮೊದಲು ಕಂಡುಕೊಂಡವರು ಅಮೇರಿಕದ ಬಾರ್ಬರಾ ಮೆಕ್ಲಿಂಟಾಕ್. ಮುಸುಕಿನ ಜೋಳದ ಚುಕ್ಕೆಗಳನ್ನು ನೋಡಿ ಅವರು ಇದನ್ನು ತಿಳಿದರು. 1951ರಲ್ಲಿ ವಿವರಿಸಿದಾಗ ಹೆಚ್ಚಿನವರಿಗೆ ಅರ್ಥವಾಗಲಿಲ್ಲ. ನೊಬೆಲ್ ಪ್ರಶಸ್ತಿ ಬಂದುದು 1983ರಲ್ಲಿ. ಆಗ ಅವರಿಗೆ 81 ವರ್ಷ!

ತುಣುಕು ತಾನಾಗಿ ಏಳುವುದಿಲ್ಲ. ಅದನ್ನು ಕತ್ತರಿಸಿ ತೆಗೆದು ಬೇರೆಡೆ ಜೋಡಿಸಲು ಒಂದು ಕಿಣ್ವ ಬೇಕು. ಅದರ ಹೆಸರು ಟ್ರಾನ್ಸ್‌ಪೋಸೇಸ್. ಅಜ್ಜಿಯ ಅಡಕತ್ತರಿಯನ್ನು ನೆನಪಿಸಿಕೊಳ್ಳಿ. ಅಡಿಕೆಯನ್ನು ಹಿಡಿಯಲು ಒಂದು ಜಾಗ, ಕತ್ತರಿಸಲು ಒಂದು ಅಲಗು. ಕಿಣ್ವದ ಅಲಗಿಗೆ ಕ್ರಿಯಾತಾಣ ಎಂದು ಹೆಸರು.

ಮೀನಿನಲ್ಲಿ ದೊರೆತ ಇಂತಹ ಒಂದು ಕಿಣ್ವದ ಕತೆ ಸ್ವಾರಸ್ಯವಾಗಿದೆ. ಸಾಲ್ಮನ್ ಜಾತಿಯ ಮೀನುಗಳಲ್ಲಿ ಅದರ ಜೀನು ಒಂದು ಕೋಟಿ ವರ್ಷಗಳಿಗೂ ಹಿಂದೆಯೇ ಕೆಟ್ಟುಹೋಗಿತ್ತು. ಜೀನಿನ ಬರಹದಲ್ಲಿ ಆಗುವ ಬದಲಾವಣೆಗೆ ಉತ್ಪರಿವರ್ತನೆ ಎನ್ನುತ್ತಾರೆ. ಅಂತಹ ಬದಲಾವಣೆಗಳು ಒಂದರ ಮೇಲೊಂದು ಸೇರಿದ್ದವು. 1997ರಲ್ಲಿ ಪೆರಿ ಹ್ಯಾಕೆಟ್, ಝೋಲ್ಟಾನ್ ಇವಿಚ್ ಮತ್ತು ಸಂಗಡಿಗರು ಹಲವು ಮೀನುಗಳ ಡಿ.ಎನ್.ಎ.ಯನ್ನು ಹೋಲಿಸಿ ಆ ತಪ್ಪುಗಳನ್ನು ತಿದ್ದಿದರು. ಕಿಣ್ವ ಕೆಲಸ ಮಾಡತೊಡಗಿತು! ಅದಕ್ಕೆ 'ಮಲಗಿದ ಸುಂದರಿ' ಎಂಬ ಅರ್ಥದ ಹೆಸರಿಟ್ಟರು. ರಕ್ತದ ಕ್ಯಾನ್ಸರ್ ಚಿಕಿತ್ಸೆಯ ಪ್ರಯೋಗಗಳಲ್ಲಿ, ರೋಗದೊಡನೆ ಹೋರಾಡುವ ಜೀನನ್ನು ರಕ್ತದ ಕೋಶಗಳಿಗೆ ಸೇರಿಸಲು ಇದನ್ನು ಬಳಸಿದ್ದಾರೆ.

ಈ ಕಿಣ್ವ 340 ಮಣಿಗಳ ಮಾಲೆಯಂತಿದೆ. ಮಣಿಗಳೆಂದರೆ ಅಮೈನೋ ಆಮ್ಲಗಳು. ಮಾಲೆ ಮಡಚಿಕೊಂಡಾಗ 153, 244 ಮತ್ತು 279ನೆಯ ಮಣಿಗಳು ಹತ್ತಿರ ಬಂದು ಅಲಗಾಗುತ್ತವೆ. ಈ ಮೂರರಲ್ಲಿ ಒಂದೇ ಒಂದು ಬದಲಾದರೂ ಸಾಕು, ಅಲಗು ಮೊಂಡಾಗುತ್ತದೆ. ಉಳಿದ 339 ಮಣಿಗಳು ಸರಿಯಾಗಿಯೇ ಇವೆ. ಕಿಣ್ವ ಡಿ.ಎನ್.ಎ.ಯನ್ನು ಹಿಡಿಯುತ್ತದೆ, ಕತ್ತರಿಸಲಾರದು. ಸಂಜೆಮಲ್ಲಿಗೆಯ ಕತ್ತರಿಗೆ ಹೀಗಾದರೆ ಹೂವಿನಲ್ಲಿ ಏನನ್ನು ಕಾಣುವಿರಿ? ಗುಂಪಿನಲ್ಲಿ ಚರ್ಚಿಸಿರಿ.

ಒಂದೇ ಗಿಡದ ಐದು ಹೂಗಳನ್ನು ನೋಡಿ ಗೆರೆಗಳ ಚಿತ್ರ ಬಿಡಿಸಿರಿ. ಯಾವ ಹೂವಿನಲ್ಲಿ ತುಣುಕು ಬೇಗನೆ ಎದ್ದಿರಬಹುದು?